ಐವತ್ತಾದ ಮೇಲೆ ನಲವತ್ತೊಂದು

ಬನಶಂಕರಿ ಎರಡನೇ ಹಂತ, ಬೇಕರಿಯ ಮೇಲಿನ ಮಹಡಿ.
ಉಸಿರು ಎಳೆದರೆ ಖಾರಾ ಬನ್ನಿನ ವಾಸನೆ,
ಬಿಟ್ಟರೆ ಸ್ಪ್ರಿಂಗಿನ ಕಿರ್ರು.
ಮೊದಲ ದಿನ ಚಾಪೆಯ ಮೇಲೆ ಅಂಗಾತ ಮಲಗಿಸಿ
ಚೂಡಾಮಣಿ ಕೇಳಿದ್ದು ವಯಸ್ಸಲ್ಲ, ನೋವಲ್ಲ:
"ಯಾವ ಡಿಪೋ ಅಣ್ಣ?"

ಬಸ್ಸು ಓಡಿಸಿದವನೆಂದು ನಾನು ಹೇಳಿರಲಿಲ್ಲ.
"ನಿಮ್ಮ ಎಡಗಾಲು ಇನ್ನೂ ಕ್ಲಚ್ಚಿನ ಮೇಲೇ ಇದೆ.
ತೆಗೀರಿ. ಬಸ್ಸು ನಿಂತು ಎಷ್ಟೋ ಹೊತ್ತಾಯ್ತು."

ಮೂವತ್ತೊಂದು ವರ್ಷ.
ಒಂದೊಂದು ಸಿಗ್ನಲ್ಲಿಗೂ ಹಿಡಿದಿಟ್ಟ ಉಸಿರು
ಪಕ್ಕೆಲುಬಿನೊಳಗೆ ಹಾಗೇ ಇತ್ತು,
ಕೊಡದೆ ಉಳಿಸಿಕೊಂಡ ಚಿಲ್ಲರೆಯಂತೆ.

ಕಬ್ಬನ್‌ಪೇಟೆಯ ಗರಡಿ ಮನೆ ಅವಳ ತವರು.
ಅಪ್ಪ ಉಸ್ತಾದ್ ಮುನಿವೆಂಕಟಪ್ಪ
ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಸಿನ ಬೆರೆಸಿ
ಕೂಸಿಗೆ ಹಾಸಿಗೆ ಹಾಸುವವನಂತೆ ಹದ ಮಾಡುತ್ತಿದ್ದ.
ಹೆಣ್ಣುಕಾಲು ಆ ಮಣ್ಣು ತುಳಿಯಬಾರದು.
ಹೊರಗೆ, ಕಿಟಕಿಯ ಸರಳು ಹಿಡಿದು
ಅಪ್ಪನ ಎಣಿಕೆಗೆ ಬಸ್ಕಿ ಹೊಡೆದವಳು ಇವಳು.
ಆ ಎಣಿಕೆಯೋ ಮಹಾ ಮೋಸ:
ನಲವತ್ತೆಂಟು, ನಲವತ್ತೊಂಬತ್ತು, ಐವತ್ತು,
ನಲವತ್ತೊಂದು.
ಪೈಲ್ವಾನರು ಬೈದುಕೊಂಡೇ ಮತ್ತೆ ಕೂರುತ್ತಿದ್ದರಂತೆ.
ಶಾಲೆಯಲ್ಲಿ ಹಾಗೇ ಎಣಿಸಿ ಇವಳು ಏಟು ತಿಂದಳಂತೆ.

ಆಮೇಲೆ ಪೀಣ್ಯದ ಗಾರ್ಮೆಂಟ್ಸು.
ಎಂಟು ವರ್ಷ ಕಾಲರು ತಿರುವಿ ತಿರುವಿ
ಕತ್ತು ತಿರುಗದಾಯಿತು.
ಆಮೇಲೆ ಇಂದಿರಾನಗರದ ಗಾಜಿನ ಸ್ಟುಡಿಯೋ, ನೆಲ ಒರೆಸುವುದು.
ಮತ್ತೆ ಅದೇ ಕಿಟಕಿ, ಸರಳಿಲ್ಲ ಅಷ್ಟೆ.
ಬೊಳ್ಳಮ್ಮ ಟೀಚರ್ ಒಂದು ಸಂಜೆ
ಮಾಪು ಹಿಡಿದವಳ ಬೆನ್ನು ನೋಡಿ ನಿಂತರು:
"ಯಾರ ಹತ್ತಿರ ಕಲಿತೆ?"
"ಕಿಟಕಿ ಹತ್ತಿರ" ಅಂದಳಂತೆ.

ಇಂಗ್ಲಿಷಿನ ಎಲುಬುಗಳ ಹೆಸರು ಬರೆದು
ಅಡುಗೆಮನೆಯ ಡಬ್ಬಗಳಿಗೆ ಅಂಟಿಸಿದಳು.
ಸೇಕ್ರಮ್ಮಿನಲ್ಲಿ ರಾಗಿಹಿಟ್ಟು,
ಸ್ಕ್ಯಾಪುಲಾದಲ್ಲಿ ಹುಣಸೆಹಣ್ಣು.
ಈಗಲೂ ಮನೆಗೆ ಬಂದ ನೆಂಟರಿಗೆ ಸಕ್ಕರೆ ಸಿಗುವುದಿಲ್ಲ.

ಭಾನುವಾರದ ಬ್ಯಾಚಿಗೆ ಫೀಸು ಕೈಲಾದಷ್ಟು.
ಇಬ್ಬರು ನರ್ಸು, ನಾನು,
ಇಸ್ತ್ರಿ ಅಂಗಡಿಯ ಷಣ್ಮುಗಂ: ಅವನ ಬಲಭುಜ
ಎಡದ್ದಕ್ಕಿಂತ ಒಂದಿಂಚು ಕೆಳಗೆ.
ಗೋಡೆಯಗಲದ ಕನ್ನಡಿಗೆ ಹಳೆಯ ಸುಂಗುಡಿ ಸೀರೆ ಹೊದಿಸಿದ್ದಾಳೆ.
"ನೋಡ್ಕೊಂಡು ಮಾಡಿದ್ರೆ ಮುಖ ಮಾತ್ರ ವ್ಯಾಯಾಮ ಮಾಡುತ್ತೆ."
ಬೆನ್ನು ಇಳಿಸುವಾಗ,
"ಧೊಪ್ಪಂತ ಬೇಡ. ಕನಕಾಂಬರದ ಮಾಲೆ
ಬುಟ್ಟಿಗೆ ಇಳಿಸ್ತೀರಲ್ಲ, ಹಾಗೆ. ಒಂದು ಹೂ. ಇನ್ನೊಂದು.
ನೋಡಿ, ಅಲ್ಲಿ ನಾಲ್ಕು ಒಟ್ಟಿಗೆ ಬಿತ್ತು. ಮತ್ತೆ ಏಳಿ."
ತೊಡೆ ನಡುಗಿ ನಾವು ನಾಚಿಕೊಂಡರೆ,
"ನಡುಗಲಿ ಬಿಡಿ.
ಬಸ್ಸು ಸ್ಟಾರ್ಟ್ ಆದಾಗ ಕಿಟಕಿ ಗಾಜೆಲ್ಲ ನಡುಗಲ್ವ?"
ಮುಟ್ಟುವುದು ಎರಡೇ ಬೆರಳು, ಅದೂ ಕೇಳಿಕೊಂಡು.
ಐವತ್ತು, ಅನ್ನುತ್ತಾಳೆ.
ನಾವು ಕುಸಿಯುವಷ್ಟರಲ್ಲಿ,
ನಲವತ್ತೊಂದು.

ಹೋದ ತಿಂಗಳು ಅಪ್ಪನನ್ನೇ ಕರೆತಂದಳು.
ಎಂಬತ್ತಮೂರು. ಮುರಿದು ಕೂಡಿದ ಸೊಂಟ.
ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಹತ್ತಿಸಿದವರು
ಬೇಕರಿ ಹುಡುಗರು ಮತ್ತು ನಾನು.
ಮುದುಕ ರಿಫಾರ್ಮರನ್ನು ಎತ್ತು ಕೊಳ್ಳುವವನಂತೆ ನೋಡಿದ.
ಸ್ಪ್ರಿಂಗು ಮೀಟಿದ, ಪಟ್ಟಿ ಮೂಸಿದ.
"ಮಣ್ಣೆಲ್ಲಿ?"

ಅವಳು ಉತ್ತರಿಸಲಿಲ್ಲ.
ಅವನ ಹಿಮ್ಮಡಿಗಳನ್ನು ಎರಡು ಅಂಗೈಗಳಲ್ಲಿ ಹಿಡಿದು
ಹಲಗೆಯ ಮೇಲೆ ಮಲಗಿಸಿದಳು.
ಇದ್ದುದರಲ್ಲಿ ತೀರಾ ಹಗುರದ್ದು, ಒಂದೇ ಸ್ಪ್ರಿಂಗು.
ಹಲಗೆ ಸರಿಯಿತು. ಬಂತು. ಸರಿಯಿತು.
ಎಂಟು. ಒಂಬತ್ತು. ಹತ್ತು.
"ಸಾಕಪ್ಪ."

ಸೂರು ನೋಡುತ್ತಾ ಅವನು
ಸ್ವಲ್ಪ ಹೊತ್ತು ಉಸಿರು ಹುಡುಕಿದ.
ಗರಡಿಯ ಗಂಟಲು ಎಲ್ಲೋ ಬಿಟ್ಟು ಬಂದಿದ್ದ,
ಪಕ್ಕದ ಚಾಪೆಯ ನನಗೂ ಅರ್ಧ ಕೇಳಿಸಿತು:
"ಹತ್ತಾದ ಮೇಲೆ ಒಂದು ಕಣಮ್ಮಿ."